ನಾಳೆ ಗಣಿತ, ಇವತ್ತು ಆರಾಮ

ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ನಾನು ಗಣಿತ ಹೇಳಿಕೊಟ್ಟಿದ್ದೇನೆ. ಹತ್ತನೇ ಕ್ಲಾಸಿನವರಿಗೆ ಪ್ರತಿ ವರ್ಷ ಹೇಳುವುದು ಒಂದೇ ಮಾತು: "ಪರೀಕ್ಷೆಯ ಹಿಂದಿನ ಸಂಜೆ ಆರಕ್ಕೆ ಪುಸ್ತಕ ಮುಚ್ಚಿ. ಊಟ ಮಾಡಿ ಆರಾಮಾಗಿ ಮಲಗಿ." ಇಷ್ಟು ಸರಳ ಮಾತು ಯಾವುದಾದರೂ ಒಂದು ಮನೆಯಲ್ಲಿ ಎಡವಟ್ಟು ಮಾಡದೆ ಹೋದ ವರ್ಷವೇ ಇಲ್ಲ.

೧. ಆರು ಗಂಟೆ

ಆಗ ನಾನು ಸಾಗರ ತಾಲ್ಲೂಕಿನ ತುಮರಿ ಕಡೆಯ ಶಾಲೆಯಲ್ಲಿದ್ದೆ. ಪರೀಕ್ಷೆಯ ಹಿಂದಿನ ಸಂಜೆ ಸರಿಯಾಗಿ ಆರಕ್ಕೆ ಒಬ್ಬ ತಾಯಿಯ ಫೋನ್.

"ಟೀಚರ್, ಈಗ ಪುಸ್ತಕ ಮುಚ್ಚಬೇಕು ಅಂದಿದ್ರಂತೆ?"

"ಹೌದು, ಮುಚ್ಚಿಸಿ."

"ಮುಚ್ಚಿಸ್ತಿದ್ದೆ. ಆದ್ರೆ ಇವಳು ಬೆಳಗ್ಗಿಂದ ತೆಗೆದೇ ಇಲ್ವಲ್ಲ!"

ಮಗಳಿಗೆ ಫೋನ್ ಕೊಡಿಸಿ, "ಏನೇ ಇದು?" ಎಂದೆ. ಅವಳು ಸ್ವಲ್ಪವೂ ಗಾಬರಿಯಿಲ್ಲದೆ ಹೇಳಿದಳು: "ಮಿಸ್, ಮುಚ್ಚೋ ಟೈಮು ಹೇಳಿದ್ರಿ. ತೆಗೆಯೋ ಟೈಮು ಹೇಳಲೇ ಇಲ್ಲ."

೨. ನಿಶ್ಶಬ್ದ

ಹೊಸನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲೊಬ್ಬರು ಬಸ್ ಡ್ರೈವರ್. ದಿನವಿಡೀ ಹಾರ್ನ್ ಹೊಡೆಯುವ ಮನುಷ್ಯ, ಮಗಳ ಗಣಿತ ಪರೀಕ್ಷೆಗೆಂದು ರಜೆ ಹಾಕಿ ಮನೆಯನ್ನು ಶಾಂತವಾಗಿಡುವ ಕೆಲಸಕ್ಕೆ ನಿಂತರು. ಟಿವಿ ವೈರು ಕಿತ್ತಿಟ್ಟರು. ಕುಕ್ಕರ್ ಸೀಟಿ ಹೊಡೆಯುತ್ತದೆಂದು ಹೆಂಡತಿಗೆ ಪಾತ್ರೆಯಲ್ಲಿ ಅನ್ನ ಬಸಿಯಲು ಹೇಳಿದರು. ಬಂದ ನೆಂಟರನ್ನು ಗೇಟಿನಲ್ಲೇ ನಿಲ್ಲಿಸಿ, ಕೈಸನ್ನೆಯಲ್ಲೇ ಕ್ಷೇಮ ವಿಚಾರಿಸಿ ಕಳಿಸಿದರು.

ಏಳಕ್ಕೆ ಹುಡುಗಿ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದಳು.

"ಏನಾದ್ರೂ ಡೌಟಾ?"

"ಡೌಟಿಲ್ಲ ಮಿಸ್. ಒಂದರ್ಧ ಗಂಟೆ ಇಲ್ಲಿ ಕೂತ್ಕೊಳ್ಲಾ? ನಮ್ಮನೇಲಿ ಯಾರೋ ತೀರಿಹೋದ ಹಂಗಿದೆ."

೩. ಮನೆಪಾಠ

ಇನ್ನು ನನ್ನ ಕಥೆ. ತೀರ್ಥಹಳ್ಳಿಯಲ್ಲಿದ್ದಾಗ ನನ್ನ ಮಗಳೇ ಹತ್ತನೇ ಕ್ಲಾಸು. ಅವತ್ತು ಸಂಜೆ ಅವಳು ಪುಸ್ತಕ ಮುಚ್ಚಿ, ಹಾಲ್ ಟಿಕೆಟ್, ಕಂಪಾಸು, ಎರಡು ಪೆನ್ನು ಜೋಡಿಸಿಟ್ಟು, ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಊರ ಮಕ್ಕಳಿಗೆಲ್ಲ ಆರಾಮ ಹೇಳಿದ ನನಗೆ ಆ ಆರಾಮ ನೋಡಿ ತಡೆಯಲಾಗಲಿಲ್ಲ.

"ಒಂದೇ ಒಂದು ಲೆಕ್ಕ ಮಾಡೇ. ಶಂಕುವಿನ ಘನಫಲ."

ಎಣ್ಣೆ ಕೈಯಲ್ಲೇ ಮಾಡಿಕೊಟ್ಟಳು. ನಾನೂ ಮಾಡಿ ನೋಡಿದೆ. ಉತ್ತರ ಬೇರೆ! "ತಪ್ಪು! ನಾಳೆ ಏನು ಗತಿ?" ಎಂದು ಕೂಗಿದೆ. ಅವಳು ನನ್ನ ಹಾಳೆ ತೆಗೆದುಕೊಂಡು ಒಮ್ಮೆ ನೋಡಿದಳು.

"ಅಮ್ಮಾ, ನೀನು ಮೂರರಿಂದ ಭಾಗಿಸಿಲ್ಲ. ಪರೀಕ್ಷೆ ನಂಗೆ. ನೀನು ಊಟ ಮಾಡಿ ಮಲಗು."

ಅವಮಾನವೇನೋ ಆಯಿತು. ಆದರೆ ಸ್ಟಾಫ್ ರೂಮಿನಲ್ಲಿ ಇದನ್ನು ಎದೆಯುಬ್ಬಿಸಿ ಹೇಳಿದವಳೂ ನಾನೇ. ಹೇಳುವಾಗ ಲೆಕ್ಕ ಬಹಳ ಕಠಿಣದ್ದು ಎಂದು ಸೇರಿಸಿದೆ.

೪. ಸೊಸೆಯ ಪರೀಕ್ಷೆ

ಸಾಗರದಲ್ಲಿ ನಮ್ಮ ಬೀದಿಯ ಒಬ್ಬ ಸೊಸೆ ಚಿಕ್ಕಂದಿನಲ್ಲಿ ಹತ್ತನೇ ಕ್ಲಾಸಿನ ಗಣಿತದಲ್ಲಿ ಫೇಲಾಗಿ ಓದು ಬಿಟ್ಟವಳು. ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಬೇಕಿತ್ತು, ಅದಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಲೇಬೇಕು. ಮದುವೆಯಾದ ಮೇಲೆ ಒಮ್ಮೆ ಬರೆದು ಅದೂ ಹೋಗಿತ್ತು. ಇದು ಮೂರನೇ ಸಲ. ಮೂರು ತಿಂಗಳು ದಿನಾ ಸಂಜೆ ನನ್ನ ಹತ್ತಿರ ಬಂದು, ಒಂದೇ ಲೆಕ್ಕವನ್ನು ಹತ್ತು ಸಲ ಬೇಸರವಿಲ್ಲದೆ ಮಾಡುತ್ತಿದ್ದಳು.

ಪರೀಕ್ಷೆಯ ಹಿಂದಿನ ಸಂಜೆ ಧೈರ್ಯ ಹೇಳಿ ಬರೋಣವೆಂದು ಹೋದರೆ, ಜಗಲಿಯಲ್ಲಿ ನೆಮ್ಮದಿಯಾಗಿ ಮಲ್ಲಿಗೆ ಕಟ್ಟುತ್ತಾ ಕೂತಿದ್ದಾಳೆ.

"ಅತ್ತೆ ಅಡುಗೆಮನೆಗೆ ಬಿಡ್ತಿಲ್ಲ ಟೀಚರ್. ಹನ್ನೆರಡು ವರ್ಷಕ್ಕೆ ಮೊದಲನೇ ರಜೆ."

ಒಳಗಿನಿಂದ ಅತ್ತೆ ಸೌಟು ಹಿಡಿದೇ ಬಂದರು. "ಮತ್ತೆಂತ ಟೀಚರ್! ಓದಿದ್ದೆಲ್ಲ ಈಗಷ್ಟೇ ತಲೇಲಿ ಕೂತಿದೆ. ಒಗ್ಗರಣೆ ಘಾಟಿಗೆ ಸೀನಿದ್ರೆ ಹೊರಗೆ ಬಂದುಬಿಟ್ರೆ?"

ಮರುದಿನ ಅತ್ತೆಯೇ ನೀರಿನ ಬಾಟಲಿ ಹಿಡಿದು ಪರೀಕ್ಷೆ ಮುಗಿಯುವ ತನಕ ಶಾಲೆಯ ಗೇಟಿನ ಹೊರಗೆ ನಿಂತಿದ್ದರು.

ಫಲಿತಾಂಶ ಬಂದ ದಿನ ಸೊಸೆ ಮೊಬೈಲ್ ಹಿಡಿದು ನನ್ನ ಬಾಗಿಲಿಗೆ ಓಡಿ ಬಂದಳು. ಅದನ್ನು ನನ್ನ ಕೈಗಿಟ್ಟಳು. ನಾನೇ ಓದಿದೆ: ಗಣಿತ, ನಲವತ್ತೊಂದು. ಪಾಸು! ಇಬ್ಬರೂ ಅತ್ತುಬಿಟ್ಟೆವು. ನನ್ನ ಕೈಯಲ್ಲಿ ಕಲಿತು ನೂರಕ್ಕೆ ನೂರು ತೆಗೆದವರಿದ್ದಾರೆ. ಆ ನಲವತ್ತೊಂದರಷ್ಟು ಹೆಮ್ಮೆ ನನಗೆ ಯಾವ ನೂರೂ ಕೊಟ್ಟಿಲ್ಲ.

ಸಂಜೆ ಅತ್ತೆ ಡಬ್ಬಿ ತುಂಬ ಕಾಯಿ ಬರ್ಫಿ ಹಿಡಿದು, ನನ್ನನ್ನೂ ಎಳೆದುಕೊಂಡು, ಬೀದಿಯ ಮನೆಮನೆಗೂ ಹೊರಟರು. "ನಮ್ಮ ಸೊಸೆಗೆ ಗಣಿತದಲ್ಲಿ ನಲವತ್ತೊಂದು!" ಕೊನೆಯ ಮನೆಯಾಕೆ ಬರ್ಫಿ ತೆಗೆದುಕೊಂಡು, ತುಸು ಬಿಗುಮಾನದಲ್ಲೇ ಹೇಳಿದರು: "ನಮ್ಮ ಮಗಳಿಗೂ ಬಂತು. ತೊಂಬತ್ತೆಂಟು. ಎರಡೇ ಎರಡು ಹೋಯ್ತು."

ಅತ್ತೆಯ ಮುಖ ಸಣ್ಣದಾಯಿತು. ಆಕೆಯ ಕೈ ಹಿಡಿದುಕೊಂಡು ನಿಜವಾದ ಕನಿಕರದಿಂದ ಹೇಳಿದರು:

"ಅಯ್ಯೋ, ಎರಡು ಹೋಯ್ತಾ? ಬೇಜಾರು ಮಾಡ್ಕೋಬೇಡಿ. ಇನ್ನೂ ಸಣ್ಣವಳು, ಮತ್ತೊಂದ್ಸಲ ಬರೆಯಲಿ. ನಮ್ಮವಳಿಗೂ ಮೂರನೇ ಸಲಕ್ಕೇ ಬಂದಿದ್ದು."