ಮಾವ ಒಪ್ಪದ ವಿಶ್ವವಿದ್ಯಾಲಯಗಳು

ನಮ್ಮ ಸೋದರಮಾವನಷ್ಟು ಧೈರ್ಯವಂತ ಇಡೀ ನಂಜನಗೂಡು ತಾಲ್ಲೂಕಿನಲ್ಲೇ ಸಿಗುವುದಿಲ್ಲ, ಸುತ್ತಮುತ್ತ ಯಾವುದೂ ಅಲುಗಾಡದೆ ಇದ್ದರೆ! ಅಲುಗಾಡಿತೋ, ಮುಗಿಯಿತು. ತಿ. ನರಸೀಪುರದ ಸೇತುವೆ ಮೇಲೆ ನನ್ನ ಸ್ಕೂಟರಿನ ಹಿಂದೆ ಕಣ್ಣು ಮುಚ್ಚಿ ಕೂತು, "ಒಳೆ ಮುಗೀತೇನವ್ವಾ?" ಎಂದು ಕೇಳುತ್ತಿರುತ್ತಾನೆ. ಬಸ್ ಸ್ಟ್ಯಾಂಡ್ ಬಂದರೂ ಕಣ್ಣು ಬಿಡುವುದಿಲ್ಲ!

ಅಪ್ಪ ತೀರಿಕೊಂಡ ಮೇಲೆ ಹೆಮ್ಮರಗಾಲದ ನಮ್ಮ ಮನೆಯಲ್ಲಿ ಅವನ ಮಾತೇ ಕೊನೆ. ಹೀಗಿರುವಾಗ ನಾನು ಎಂ.ಎಸ್ಸಿ.ಗೆ ಯಾವ ವಿಶ್ವವಿದ್ಯಾಲಯ ಸೇರಬೇಕೆಂದು ತೀರ್ಮಾನಿಸುವವರು ಯಾರು ಹೇಳಿ?

ಮೈಸೂರಿನಲ್ಲೂ ಮಂಗಳೂರಿನಲ್ಲೂ ರಸಾಯನಶಾಸ್ತ್ರ ಸಿಕ್ಕಿತ್ತು. ನಾನು ಆಸೆಪಟ್ಟಿದ್ದ ಭೂವಿಜ್ಞಾನ ಸಿಕ್ಕಿದ್ದು ಮಾತ್ರ ಧಾರವಾಡದಲ್ಲಿ.

ಮಾವ ಮೊದಲು ಮೈಸೂರಿಗೆ ಹೋಗಿ ಹಾಸ್ಟೆಲ್ ನೋಡಿಕೊಂಡು ಬೆವರುತ್ತಾ ಬಂದ. "ಲಿಫ್ಟ್ ಮಡಗವ್ರೆ ಕಣವ್ವಾ. ಬಾಗ್ಲು ತಾನೇ ಮುಚ್ಕತ್ತದೆ. ತೆಗೀದೆ ಓದ್ರೆ?"

"ಮೆಟ್ಟಿಲು ಹತ್ತುತೀನಿ ಮಾವ."

"ಜಾರುದ್ರೆ?"

ಮಂಗಳೂರನ್ನು ನೋಡುವ ಅಗತ್ಯವೇ ಬೀಳಲಿಲ್ಲ. "ಪಕ್ಕದಲ್ಲೇ ಸಮುದ್ರ ಅದಂತಲ್ಲಾ! ಎದ್ ಬಂದ್ರೆ ಯಾರ್ ತಡೆಯೋರು?" ಇನ್ನು ಭೂವಿಜ್ಞಾನವೆಂದರೆ ಏನೆಂದು ವಿವರಿಸಿದಾಗಲಂತೂ ಕಾಫಿ ಲೋಟ ಕೆಳಗಿಟ್ಟ. "ಭೂಮಿ ಅಗ್ಯಾಕೆ ಓದ್ಬೇಕಾ? ಕುಸುದ್ರೆ?" ಕೊನೆಗೆ ಅವನೇ ಒಂದು ದಾರಿ ಸೂಚಿಸಿದ: "ಸರ್ಕಾರ್ದೋರು ಇಲ್ಲೇ ಪಕ್ಕದ್ ಕವಲಂದೇಲೇ ಒಂದ್ ಯೂನಿವರ್ಸಿಟಿ ಮಾಡ್ಬಾರ್ದಾ? ಮದ್ಯಾನ ಮುದ್ದೆಗೆ ಮನೆಗ್ ಬರ್ಬೋದು!"

ಮನೆಯವರೆಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಳಗೊಳಗೇ ನಾನೂ ಲೆಕ್ಕ ಹಾಕುತ್ತಿದ್ದೆ. ಧಾರವಾಡದಲ್ಲಿ ನನಗೆ ಯಾರು ಗೊತ್ತು? ಅವರ ಮಾತು ನನಗೆ, ನನ್ನ ಮಾತು ಅವರಿಗೆ ಅರ್ಥವಾಗುತ್ತದೆಯೇ? ಜ್ವರ ಬಂದರೆ ಯಾರನ್ನು ಕರೆಯಲಿ? ರಾತ್ರಿಯಿಡೀ ಓಡುವ ರೈಲಿನಲ್ಲಿ ಒಬ್ಬಳೇ ಹೇಗೆ ಹೋಗಲಿ?

ಸೀಟು ಖಚಿತಪಡಿಸುವ ಕೊನೆಯ ದಿನ ನಂಜನಗೂಡಿನ ಸೈಬರ್ ಸೆಂಟರಿಗೆ ಮಾವನೂ ಬಂದ. ತಲೆ ಮೇಲಿನ ಫ್ಯಾನು ಕಿರುಗುಟ್ಟುತ್ತಿತ್ತೆಂದು ಕುರ್ಚಿಯನ್ನು ಗೋಡೆಗೆ ಒತ್ತಿಕೊಂಡು ಕೂತ! ಪರದೆಯ ಮೇಲೆ ಮೂರೂ ಊರುಗಳ ಹೆಸರಿತ್ತು. ಒಂದನ್ನು ಒತ್ತಬೇಕು. ನನ್ನ ಬೆರಳು ಏಳಲೇ ಇಲ್ಲ. ಅಂಗಡಿಯವರು ಎರಡು ಸಲ "ಬೇಗ ಮಾಡಮ್ಮ, ಸೈಟ್ ಮುಚ್ಚೋಯ್ತದೆ" ಎಂದರು.

"ಕೈ ಯಾಕವ್ವಾ ಅಂಗ್ ನಡುಗ್ತದೆ?" ಎಂದ ಮಾವ.

"ಭಯ ಆಯ್ತದೆ ಮಾವ."

ಅವನ ಮುಖ ಇದ್ದಕ್ಕಿದ್ದಂತೆ ಸಣ್ಣದಾಯಿತು. "ನನ್ನಿಂದ ಅಂಟ್ಕತಾ?" ಎಂದು ಮೆಲ್ಲಗೆ ಕೇಳಿದ.

ಆಮೇಲೆ ಪರದೆಯ ಕಡೆ ನೋಡಿ, "ನಿಂಗ್ ಯಾವ್ದ್ ಬೇಕು?" ಎಂದ.

"ಧಾರವಾಡ."

ಮಾವ ಎದ್ದು ಬಂದು, ಆ ಫ್ಯಾನಿನ ಕೆಳಗೇ ನಿಂತು, ಮೌಸಿನ ಮೇಲಿದ್ದ ನನ್ನ ಕೈಯ ಮೇಲೆ ತನ್ನ ಕೈಯಿಟ್ಟ. ಅದು ನನ್ನದಕ್ಕಿಂತ ಜೋರಾಗಿ ನಡುಗುತ್ತಿತ್ತು. ಯಾರ ಬೆರಳು ಒತ್ತಿತೋ ಇಂದಿಗೂ ಗೊತ್ತಿಲ್ಲ, ಧಾರವಾಡ ಹಸಿರಾಯಿತು.

"ಎದ್ರಿಕೊಳ್ಳೋ ಕೆಲ್ಸ ನಂಗ್ ಬುಟ್ಬುಡವ್ವಾ," ಎಂದ ಮಾವ. "ನಂಗ್ ಅಭ್ಯಾಸ ಅದೆ. ನೀನ್ ಓದ್ಕೋ ಓಗು."