ನನ್ನ ಭಾವಮೈದುನ ಕಂಡ ಹಕ್ಕಿಗಳು

ಸಂಕ್ರಾಂತಿಯ ಹಿಂದಿನ ಭಾನುವಾರ. ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷ. ಸ್ಥಳ ನಿಡುಗಲ್ ಬೆಟ್ಟದ ಬುಡ. ಹಾಜರಿದ್ದವರು ನಾಲ್ವರು: ಮಧುಗಿರಿಯಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತನಾದ ನಾನು, ಪಾವಗಡದ ಸುತ್ತಿನ ಹಳ್ಳಿಗಳಿಗೆಲ್ಲ ಕಾಗದ ಹಂಚಿ ನಿವೃತ್ತನಾದ ಪೋಸ್ಟ್‌ಮ್ಯಾನ್ ರಂಗಪ್ಪ, ಶಿರಾದಲ್ಲಿ ಗಡಿಯಾರ ರಿಪೇರಿ ಮಾಡುವ ಖಾದರ್, ಮತ್ತು ನನ್ನ ಹೆಂಡತಿಯ ತಮ್ಮ.

ದೇವರು ಈ ಭೂಮಿಯ ಮೇಲೆ ಎಷ್ಟು ಬಗೆಯ ಹಕ್ಕಿಗಳನ್ನು ಸೃಷ್ಟಿಸಿದ್ದಾನೋ ನನಗೆ ತಿಳಿಯದು. ಎಷ್ಟೇ ಇರಲಿ, ನನ್ನ ಭಾವಮೈದುನ ಕಂಡಿರುವುದು ಅದಕ್ಕಿಂತ ಹೆಚ್ಚು!

ಆಸಾಮಿಗೆ ಕೊರಟಗೆರೆಯಲ್ಲಿ ಹಿಟ್ಟಿನ ಮಿಷನ್ನಿದೆ. ರಜೆಯ ದಿನವೂ ಹುಬ್ಬು, ಮೀಸೆ, ಕಿವಿಯ ಸಂದಿಯಲ್ಲೆಲ್ಲ ರಾಗಿಹಿಟ್ಟು. ಸ್ನಾನ ಮಾಡಿಕೊಂಡು ಬಾರಯ್ಯ ಎಂದರೆ, "ಈ ವಾಸ್ನೆ ಇದ್ರೇನೇ ಭಾವ, ಹಕ್ಕಿಗುಳು ನನ್ನ ನೆಂಟ ಅಂದ್ಕಳದು" ಎನ್ನುತ್ತಾನೆ. ಖಾದರನ ದುರ್ಬೀನನ್ನು ಅವನು ಸರಿಯಾಗಿ ಹಿಡಿದದ್ದನ್ನು ನಾನು ಕಂಡಿಲ್ಲ. ತಿರುಗಿಸಿ, ದೊಡ್ಡ ಗಾಜಿನ ಕಡೆಯಿಂದ ನೋಡುತ್ತಾನೆ.

"ಅರೆ ಭಾಯ್, ಉಲ್ಟಾ ಹಿಡ್ಕೊಂಡಿದೀಯ!" ಎಂದು ಖಾದರ್ ಬಾಯಿ ಬಡಿದುಕೊಂಡರೆ, ಇವನ ಉತ್ತರ ಸಿದ್ಧ: "ಇಂಗ್ ನೋಡುದ್ರೆ ಹಕ್ಕಿ ದೂರ ಹೋಗ್ತದೆ ಕಣಪ್ಪ. ದೂರ ಇದ್ರೆ ಅದುಕ್ಕೂ ಹೆದ್ರಿಕೆ ಇಲ್ಲ, ನಂಗೂ ಇಲ್ಲ."

ಇಂಥವನಿಗೆ ಏನು ಹೇಳುತ್ತೀರಿ?

ನಮ್ಮ ನಡಿಗೆಗೆ ನಾನು ಮಾಡಿದ ನಿಯಮಗಳಿವೆ. ಚಳಿಗಾಲದ ತಿಂಗಳುಗಳಲ್ಲಿ ತಿಂಗಳಿಗೊಂದು ಭಾನುವಾರ. ಹಿಂದಿನ ಸಂಜೆಯೇ ಒಬ್ಬರ ಮನೆಯಲ್ಲಿ ಸೇರುವುದು. ಒಂದು ಹಕ್ಕಿ ಪುಸ್ತಕಕ್ಕೆ ಏರಬೇಕಾದರೆ ಕನಿಷ್ಠ ಇಬ್ಬರು ನೋಡಿರಬೇಕು. ನಾನು ಗಂಟೆ, ನಿಮಿಷ, ಜಾಗ ಎಲ್ಲವನ್ನೂ ಬರೆಯುತ್ತೇನೆ. ಒಬ್ಬರೇ ಕಂಡ ಹಕ್ಕಿಯನ್ನು ಹಿಂದಿನ ಪುಟದಲ್ಲಿ, 'ಸಂಶಯಾಸ್ಪದ' ಎಂಬ ತಲೆಬರಹದ ಕೆಳಗೆ ಬರೆಯುತ್ತೇನೆ. ಆ ಪುಟ ಪೂರ್ತಿ ನನ್ನ ಭಾವಮೈದುನನ ಆಸ್ತಿ.

ರಂಗಪ್ಪನಿಗೂ ಒಂದು ನಿಯಮವಿದೆ. ಕಳೆದ ಮಳೆಗಾಲದಲ್ಲಿ ಅವನು ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದ. ಎದ್ದು ಬಂದ ಮೇಲಿನ ಮೊದಲ ನಡಿಗೆಯಲ್ಲಿ, "ಸ್ವಲ್ಪ ನಿಧಾನವಾಗಿ ಹೋಗೋಣವೇನಯ್ಯ?" ಎಂದು ನಾನು ಕೇಳಿದ್ದಕ್ಕೆ ಕೆಂಡವಾದ. "ಏಮಿ ಸಾಮೀ! ರಾಯಚರ್ಲು ತಂಕ ಬಿಸ್ಲಲ್ಲಿ ಸೈಕಲ್ ತುಳ್ದಿರೋ ಕಾಲು ಇವು. ನಂಗೋಸ್ಕರ ಯಾರಾನಾ ನಿಂತ್ರೋ, ಅವತ್ತಿಗೆ ನಾನು ಬರಾದು ಬಂದ್!" ಅವನಿಗೆ ಮನೆಯಲ್ಲಿ ಟಿ.ವಿ., ಮಾತ್ರೆ ಡಬ್ಬ ಬಿಟ್ಟರೆ ಬೇರೆ ಜೊತೆಯಿಲ್ಲ. ಈ ನಡಿಗೆಯೂ ತಪ್ಪಿದರೆ ಮನುಷ್ಯ ಮಂಚ ಹಿಡಿಯುತ್ತಾನೆ ಎಂದು ನಮಗೆಲ್ಲ ಗೊತ್ತಿತ್ತು. ನಾನೋ, ಯಾರು ಏನು ಹೇಳಿದರೂ ಹೇಳಿದ ಹಾಗೆಯೇ ನಂಬುವವನು. ನಿಲ್ಲಬೇಡಿ ಎಂದರೆ ನಿಲ್ಲುವುದಿಲ್ಲ, ಅಷ್ಟೆ.

ಅವತ್ತು ಹೊರಟಾಗ ಮಂಜು ಇನ್ನೂ ಹೊಲದ ಮೇಲೆ ಮಲಗಿತ್ತು. ಬಯಲಿನಲ್ಲಿ ಒಳ್ಳೆಯ ಫಸಲೇ ಸಿಕ್ಕಿತು. ಕರೆಂಟು ತಂತಿಯ ಮೇಲೆ ನೀಲಕಂಠ, ಬೇಲಿಯಲ್ಲಿ ಪಿಕಳಾರ, ಕೊಯ್ದ ತೊಗರಿಹೊಲದಲ್ಲಿ ಗೌಜಲಕ್ಕಿಗಳ ಒಂದು ಸಂಸಾರ. ನಮ್ಮನ್ನು ಕಂಡು ಟಿಟ್ಟಿಭ ಊರಿಗೆಲ್ಲ ಡಂಗುರ ಹೊಡೆಯಿತು. ಎಲ್ಲವನ್ನೂ ಬರೆದುಕೊಂಡೆ. ಭಾವಮೈದುನ ಜೇಬಿನಿಂದ ಕಡಲೆಕಾಯಿ ತೆಗೆದು ತಿನ್ನುತ್ತಿದ್ದ. ಆಕಾಶವನ್ನು ನೋಡಲೂ ಇಲ್ಲ.

ಬೆಟ್ಟದ ಮೇಲಿನ ಕೋಟೆಗೆ ಏರುವ ಮೆಟ್ಟಿಲು ಶುರುವಾಯಿತು ನೋಡಿ, ಅವನ ಕಣ್ಣು ತೆರೆಯಿತು!

"ಹುಶ್! ಕೂತ್ಕಳಿ, ಎಲ್ರೂ ಕೂತ್ಕಳಿ! ಮೂರು ಬಾಲದ ಕಾಜಾಣ!"

"ಎಲ್ಲಿ?"

"ನಿಂತ್ರೆ ಕಾಣಾಕಿಲ್ಲ ಭಾವ. ನಿಂತ ಮನುಷ್ಯನ್ನ ಕಂಡ್ರೆ ಹಕ್ಕಿ ಓಡ್ತದೆ. ಕೂತೋನು ಅದುರ ಕಣ್ಣಿಗೆ ಕಲ್ಲು."

ಕೂತೆವು. ಹತ್ತು ನಿಮಿಷ ಕಲ್ಲಾದೆವು. ಕಾಜಾಣ ಒಂದು ಬಾಲವನ್ನೂ ತೋರಿಸಲಿಲ್ಲ.

ಐವತ್ತು ಮೆಟ್ಟಿಲು ಏರಿದೆವೋ ಇಲ್ಲವೋ, ಮೀಸೆ ಗೂಬೆ. ಮತ್ತೆ ಕೂತೆವು. ಮೊದಲ ಬಾಗಿಲು ದಾಟಿದ ಮೇಲೆ, ಕೆಂಪು ಪೇಟದ ಗಿಣಿ. ಖಾದರ್ ದುರ್ಬೀನು ತಿರುಗಿಸಿ ತಿರುಗಿಸಿ ಕತ್ತು ನೋಯಿಸಿಕೊಂಡ. "ಯಾ ಅಲ್ಲಾ! ಇವನ ಝೂಟಿಗೆ ಒಂದು ಹದ್ದಿಲ್ವಾ ಮೇಷ್ಟ್ರೇ?"

"ಹದ್ದಾ? ಅದೂ ಬಂದಿತ್ತು, ನೀನು ಈಗ ಮಿಸ್ ಮಾಡ್ದೆ" ಎಂದ ಭಾವಮೈದುನ.

ನನ್ನ ಸಿಟ್ಟು ನೆತ್ತಿಗೇರಿತ್ತು. ಎಂಟು ಗಂಟೆಗೆ ಮೇಲಿರಬೇಕಾದವರು ಮೇಲೆ ತಲುಪಿದಾಗ ಒಂಬತ್ತಕ್ಕೆ ಹತ್ತು ನಿಮಿಷ! ದೂರದಲ್ಲಿ ತಿರುಮಣಿಯ ಕಡೆ ಸೋಲಾರ್ ಫಲಕಗಳು ಬಿಸಿಲಿಗೆ ಕೆರೆಯ ಹಾಗೆ ಮಿನುಗುತ್ತಿದ್ದವು. ಚಿತ್ರಾನ್ನದ ಪೊಟ್ಟಣ ಬಿಚ್ಚಿದೆವು. ಇವತ್ತು ಇವನಿಗೆ ಎಲ್ಲರೆದುರು ಬುದ್ಧಿ ಕಲಿಸಿಯೇ ಬಿಡುತ್ತೇನೆ ಎಂದುಕೊಂಡು ನಾನು ಪುಸ್ತಕದ ಹಿಂದಿನ ಪುಟ ತೆರೆದೆ. ಸ್ಕೂಲಿನಲ್ಲಿ ತಪ್ಪಿತಸ್ಥರ ಹೆಸರು ಓದುತ್ತಿದ್ದ ದನಿಯಲ್ಲೇ ಶುರು ಮಾಡಿದೆ.

"ಏಳು ಇಪ್ಪತ್ತು, ಕಾಜಾಣ, ಮೆಟ್ಟಿಲ ಮೇಲೆ. ಏಳು ಮೂವತ್ತೈದು, ಗೂಬೆ, ಮೆಟ್ಟಿಲ ಮೇಲೆ. ಏಳು ಐವತ್ತು, ಗಿಣಿ, ಏರಿನಲ್ಲಿ. ಹೋದ ತಿಂಗಳು ತಗೋ: ನಾಲ್ಕು ಹಕ್ಕಿ, ನಾಲ್ಕೂ ಏರಿನಲ್ಲಿ! ಏನಯ್ಯ ಇದು? ಬಯಲಿನಲ್ಲಿ ನಿನಗೆ ಒಂದು ಗುಬ್ಬಿಯೂ ಕಾಣುವುದಿಲ್ಲ, ಏರು ಬಂದರೆ ಮಾತ್ರ..."

ಭಾವಮೈದುನ ನನ್ನನ್ನೇ ನೋಡುತ್ತಿದ್ದ. ಸಣ್ಣಗೆ, ಬೇಡ ಎನ್ನುವ ಹಾಗೆ, ತಲೆಯಾಡಿಸಿದ. ಪಕ್ಕದಲ್ಲಿ ರಂಗಪ್ಪ ಅನ್ನ ಕಲಸುತ್ತ ತಲೆ ಬಗ್ಗಿಸಿ ಕೂತಿದ್ದ. ತುತ್ತು ಎತ್ತಿರಲಿಲ್ಲ. ಅವನ ಅಂಗಿಯ ಗುಂಡಿಗಳು ಇನ್ನೂ ಏರಿ ಇಳಿಯುತ್ತಿದ್ದವು.

ಜೀವಮಾನವಿಡೀ ಹುಡುಗರ ಉಸಿರು, ಹೆಜ್ಜೆ ನೋಡಿ ಸಂಬಳ ತೆಗೆದುಕೊಂಡ ಡ್ರಿಲ್ ಮೇಷ್ಟ್ರು ನಾನು. ಏನು ನೋಡಿದ್ದೆನೋ!

"ಯಾಕ್ ಸಾಮಿ, ನಿಲ್ಸುಬುಟ್ರಿ? ಓದಿ" ಎಂದ ರಂಗಪ್ಪ, ತಲೆ ಎತ್ತದೆ.

"ಇಲ್ಲ, ನನ್ನ ಕೈಬರಹ ನನಗೇ ತಿಳಿಯುತ್ತಿಲ್ಲ" ಎಂದು ಪುಸ್ತಕ ಮುಚ್ಚಿದೆ. ನನ್ನ ಕೈಬರಹ ಅಚ್ಚಿನ ಹಾಗಿರುತ್ತದೆಂದು ಮೂವರಿಗೂ ಗೊತ್ತು. ಖಾದರ್ ನನ್ನ ಮುಖ ನೋಡಿದ, ಭಾವಮೈದುನನ ಮುಖ ನೋಡಿದ, ಆಮೇಲೆ ತನ್ನ ಪಾಲಿನ ಕಡಲೆಬೀಜವನ್ನೆಲ್ಲ ಸುಮ್ಮನೆ ಭಾವಮೈದುನನ ಎಲೆಗೆ ಹಾಕಿದ.

ಇಳಿಯುವಾಗ ಯಾವ ಹಕ್ಕಿಯೂ ಅಡ್ಡಬರಲಿಲ್ಲ. ಬುಡಕ್ಕೆ ಬಂದು, ಬಸ್ಸು ನಿಲ್ಲುವ ಜಾಗಕ್ಕೆ ಹೋಗಬೇಕಾದರೆ ಒಂದು ಕೆರೆಯ ಏರಿ ಹತ್ತಬೇಕು. ಎತ್ತರವೇನಿಲ್ಲ, ಆದರೆ ಕಡಿದು. ಆಗ ಹತ್ತು ಗಂಟೆ ನಲವತ್ತು ನಿಮಿಷ. ಬಸ್ಸು ಹತ್ತು ಐವತ್ತಕ್ಕೆ. ಭಾವಮೈದುನ ಬಾಯಿ ತೆರೆಯಲಾರದೆ ನನ್ನ ಹಿಂದೆ ಬರುತ್ತಿದ್ದ. ಅವನ ಹಕ್ಕಿ ಅಂಗಡಿಗೆ ನಾನೇ ಬೀಗ ಜಡಿದಿದ್ದೆನಲ್ಲ! ಅರ್ಧ ಏರಿದ್ದೆವು. ರಂಗಪ್ಪನ ಉಸಿರು ನನಗೆ ಕೇಳಿಸುತ್ತಿತ್ತು.

"ಹುಶ್!" ಎಂದೆ ನಾನು. "ಎಲ್ಲರೂ ಕೂತುಕೊಳ್ಳಿ."

"ಏನ್ ಭಾವ?"

ಏನು ಹೇಳುವುದು? ಸುಳ್ಳಿಗೆ ಅಭ್ಯಾಸ ಬೇಡವೇ? ಎದುರಿನ ಜಾಲಿಗಿಡದತ್ತ ಬೆರಳು ಮಾಡಿ, "ಹಕ್ಕಿ... ಹಳದಿ... ದೊಡ್ಡದು" ಎಂದೆ.

ಖಾದರ್ ದುರ್ಬೀನು ಎತ್ತಿದ. ಬಹಳ ಹೊತ್ತು ಆ ಬೋಳು ಜಾಲಿಯನ್ನೇ ನೋಡಿ, "ಹೌದು ಮೇಷ್ಟ್ರೇ. ಬಹುತ್ ಖೂಬ್" ಎಂದ.

"ಒಂದಲ್ಲ ಭಾವ" ಎಂದು ಭಾವಮೈದುನ ಪಿಸುಗುಟ್ಟಿದ. "ಜೋಡಿ ಐತೆ."

ನಾಲ್ವರೂ ಏರಿಯ ಕಲ್ಲುಗಳ ಮೇಲೆ ಕೂತೆವು. ನಮ್ಮ ತಲೆಯ ಮೇಲಿನ ರಸ್ತೆಯಲ್ಲಿ ಬಸ್ಸು ಬಂದು, ನಿಂತು, ಹೊರಟುಹೋಯಿತು. ಯಾರೂ ಏಳಲಿಲ್ಲ. ಕೊನೆಗೆ ಎದ್ದವನು ರಂಗಪ್ಪನೇ. ಪಂಚೆಯ ಧೂಳು ಕೊಡವಿಕೊಂಡು, ಜಾಲಿಗಿಡವನ್ನು ಒಮ್ಮೆ ನೋಡಿ, ನಮ್ಮ ಮೂವರನ್ನೂ ಒಮ್ಮೆ ನೋಡಿ, "ಹಾರೋದ್ವು ಸಾಮಿ. ನಡೀರಿ" ಎಂದ.

ಏರಿ ಹತ್ತಿ ಮುಗಿಸಿದಾಗ ಹನ್ನೊಂದು ಗಂಟೆ ಐದು ನಿಮಿಷ.