ಡೆನ್ಮಾರ್ಕಿಗೆ ಹೋದ ಜಂಪರ್ ಪೀಸು

ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಕೆಲಸ ಇದೆಯಲ್ಲ, ಅದರಷ್ಟು ಸೊಂಟ ಮುರಿಯುವ ಕೆಲಸ ಇನ್ನೊಂದಿಲ್ಲ. ಹೋದ ವರ್ಷ ಕೂಡ್ಲಿಗಿ ಕಡೆಯಿಂದ ತರಿಸಿದ ಎರಡು ಚೀಲ ಹಣ್ಣನ್ನು ಪಡಸಾಲೆಯಲ್ಲಿ ಸುರಿದುಕೊಂಡು ಕುಳಿತಿದ್ದೆ. ಕೈ ತುಂಬ ಅಂಟು, ಮೂಗಿನ ಮೇಲೆ ನೊಣ. ಸೊಂಟ ಹಿಡಿದಿತ್ತು. ಕುತ್ತಿಗೆ ಮಾತ್ರ ಇನ್ನೂ ಹಿಡಿದಿರಲಿಲ್ಲ, ಅಷ್ಟು ಶಿವನ ಕರುಣೆ. ಆಗ ನಮ್ಮ ನಾದಿನಿ ಮೊಬೈಲು ಹಿಡಿದುಕೊಂಡು ಬಾಗಿಲಲ್ಲಿ ಬಂದು ನಿಂತಳು.

“ಅತ್ತಿಗಿ, ನಾ ಡೆನ್ಮಾರ್ಕಿಗೆ ಹೊಂಟೀನಿ.”

“ಬರೋವಾಗ ಕೊತ್ತಂಬ್ರಿ ತಗೊಂಬಾ,” ಎಂದೆ.

ನನ್ನದೇನು ತಪ್ಪು? ಆಕೆ ಹೇಳಿದ ಧಾಟಿ ಹರಪನಹಳ್ಳಿಗೆ ಹೋಗುವವರ ಹಾಗಿತ್ತು! ಎರಡನೆಯ ಸಲ ಹೇಳಿದಾಗ ಕುಟ್ಟುವ ಕಲ್ಲು ಬೀಜದ ಬದಲು ನನ್ನ ಹೆಬ್ಬೆರಳಿಗೆ ಬಿತ್ತು.

ನಮ್ಮ ನಾದಿನಿಗೆ ತಲೆ ಕೆಟ್ಟಿದೆ ಎಂದು ಕೊಟ್ಟೂರಿನಲ್ಲಿ ಯಾರಾದರೂ ಅಂದರೆ ನಾನು ಸುಮ್ಮನಿರುವವಳಲ್ಲ, ಜಗಳಕ್ಕೆ ನಿಲ್ಲುತ್ತೇನೆ. ಆ ಮಾತು ಆಡುವ ಅಧಿಕಾರ ಆಕೆಯೊಂದಿಗೆ ಇಪ್ಪತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಕಳೆದಿರುವ ನನಗೊಬ್ಬಳಿಗೇ ಇರುವುದು! ಆಕೆ ನಮ್ಮ ಯಜಮಾನರ ತಂಗಿ. ಮದುವೆಯಾದ ಮೂರನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಇಲ್ಲೇ ಉಳಿದಳು. ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕೇಂದ್ರದಲ್ಲಿ ಟೀಚರು. ಇಷ್ಟು ಕೇಳಿದರೆ ನೀವು ‘ಅಯ್ಯೋ ಪಾಪ’ ಅನ್ನುತ್ತೀರಿ. ಅವಸರ ಮಾಡಬೇಡಿ. ಪಾಪ ಆಗಿರುವುದು ನಾನು.

ಈಕೆಗೆ ಪರರ ಮನೆಯ ಚಟ. ಬೇರೆಯವರು ಹೇಗೆ ಬದುಕುತ್ತಾರೆ, ಸಾರಿಗೆ ಏನು ಹಾಕುತ್ತಾರೆ, ಮಗುವನ್ನು ಹೇಗೆ ಮಲಗಿಸುತ್ತಾರೆ, ಎಲ್ಲವನ್ನೂ ನೋಡಬೇಕು. ನೋಡಿ ಒಂದು ನೋಟುಬುಕ್ಕಿನಲ್ಲಿ ಬರೆಯಬೇಕು. ಒಮ್ಮೆ ಹಡಗಲಿಯಲ್ಲಿ ನಮ್ಮ ಬೀಗರ ಮನೆಯ ಮದುವೆಗೆಂದು ಹೊರಟವಳು ಬಸ್ಸಿನಲ್ಲಿ ಪಕ್ಕ ಕುಳಿತ ಹೆಂಗಸಿನ ಜೊತೆ ಮಾಗಳಕ್ಕೆ ಹೋಗಿಬಿಟ್ಟಳು! ಯಾಕಂತೆ? ಆ ಹೆಂಗಸಿನ ಅತ್ತೆಗೆ ಬೀಸುವ ಕಲ್ಲಿನ ಹಾಡು ಬರುತ್ತವಂತೆ. ಇತ್ತ ಮದುವೆ ಮುಗಿದು, ಊಟ ಮುಗಿದು, ಬೀಗರು ಮುನಿಸಿಕೊಂಡು, ಮುನಿಸು ತಿಳಿಯಾಗುವ ಹೊತ್ತಿಗೆ ಮೂರನೆಯ ದಿನ ಮನೆಗೆ ಬಂದಳು. ಜೊತೆಗೆ ಒಂಬತ್ತು ಹಾಡು, ಒಂದು ಕುಂಬಳಕಾಯಿ.

ಇಂಥವಳ ಹೊಲಿಗೆ ಕೇಂದ್ರ ನೋಡಲು ಡೆನ್ಮಾರ್ಕಿನ ಒಬ್ಬ ಹೆಣ್ಣುಮಗಳು ಬರಬೇಕೆ? ಬಂದವಳನ್ನು ಈಕೆ ಮನೆಗೆ ಕರೆತಂದು ಮಂಡಕ್ಕಿ ಮೆಣಸಿನಕಾಯಿ ತಿನ್ನಿಸಬೇಕೆ? ಆಕೆ ಕಣ್ಣು ಮೂಗು ಒರೆಸಿಕೊಳ್ಳುತ್ತಲೇ, ನಮ್ಮಲ್ಲಿ ದೊಡ್ಡವರೂ ಓದುವ ಒಂದು ಶಾಲೆ ಇದೆ, ಬರುತ್ತೀಯಾ ಎಂದು ಕೇಳಬೇಕೆ? ಆ ಶಾಲೆಯಲ್ಲಿ ಪರೀಕ್ಷೆ ಇಲ್ಲವಂತೆ, ಅಂಕ ಇಲ್ಲವಂತೆ. ಎಲ್ಲ ದೇಶದವರು ಒಟ್ಟಿಗೆ ಇದ್ದು ಬೆಳಗ್ಗೆ ಹಾಡಿ, ಪಾಠ ಕೇಳಿ, ತಾವೇ ಪಾತ್ರೆ ತೊಳೆಯುವುದಂತೆ. ಮಧ್ಯಾಹ್ನ ಹತ್ತಿರದ ವೃದ್ಧಾಶ್ರಮದಲ್ಲಿ ಸೇವೆ. ಐದು ತಿಂಗಳು.

“ಪಾತ್ರಿ ತೊಳಿಯಾಕ ಡೆನ್ಮಾರ್ಕಿಗ್ಯಾಕ ಹೋಗ್ಬೇಕು? ನಮ್ಮನಿ ಬಚ್ಚಲದಾಗ ಬಿದ್ದಾವು,” ಎಂದೆ.

“ಅವನ್ನ ಹ್ಯಾಂಗ ತೊಳೀಬೇಕಂತ ನನಗ ಗೊತ್ತೈತಿ ಅತ್ತಿಗಿ. ಅವರು ಹ್ಯಾಂಗ ತೊಳೀತಾರಂತ ಗೊತ್ತಿಲ್ಲ.”

ಯಜಮಾನರು ಪೇಪರು ಕೆಳಗಿಳಿಸಿ, “ಹೋಗಿ ಬರ್ಲಿ ಬಿಡು. ಐದು ತಿಂಗಳು ಮನ್ಯಾಗ ಎಲ್ಲಾ ಸಾಮಾನು ಇಟ್ಟಲ್ಲೇ ಇರ್ತಾವು,” ಎಂದರು.

ಹೊರಡುವ ತಯಾರಿ ನಡೆಯಿತು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಎಲ್ಲ ನನ್ನ ಪಾಲಿನ ಕೆಲಸ. ಅಷ್ಟರಲ್ಲಿ ಆಕೆ ನನ್ನ ಟ್ರಂಕು ತೆಗೆದು ಜಂಪರ್ ಪೀಸುಗಳನ್ನೆಲ್ಲ ಹೊರಗೆ ಹಾಕಿದಳು.

ಈ ಜಂಪರ್ ಪೀಸಿನ, ಅಂದರೆ ರವಿಕೆ ಬಟ್ಟೆಯ ಪುರಾಣ ನಿಮಗೆ ಗೊತ್ತೇ ಇರುತ್ತದೆ. ಮನೆಗೆ ಬಂದ ಹೆಣ್ಣುಮಗಳು ಹೊರಟು ನಿಂತಾಗ ಬರಿಗೈಯಲ್ಲಿ ಕಳಿಸಬಾರದು. ಸೆರಗು ಒಡ್ಡಿಸಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣಕೊಂಬು, ಎಲೆ ಅಡಿಕೆ, ಜೊತೆಗೊಂದು ಜಂಪರ್ ಪೀಸು ಹಾಕಿ ಉಡಿ ತುಂಬಬೇಕು. ಹಾಗೆ ಬಂದ ಪೀಸನ್ನು ಯಾರೂ ಹೊಲಿಸಿಕೊಳ್ಳುವುದಿಲ್ಲ. ಟ್ರಂಕಿನಲ್ಲಿಟ್ಟು ಇನ್ನೊಬ್ಬರ ಉಡಿಗೆ ಹಾಕುತ್ತೇವೆ. ಮೂಲೆಯಲ್ಲಿ ಮಸಿ ಕಲೆ ಇದ್ದ ಒಂದು ಗಿಳಿಹಸಿರು ಪೀಸು ನಮ್ಮ ಮನೆಯಿಂದ ಕೂಡ್ಲಿಗಿಗೆ ಹೋಗಿ, ಅಲ್ಲಿಂದ ತಂಬ್ರಹಳ್ಳಿಗೆ, ತಂಬ್ರಹಳ್ಳಿಯಿಂದ ಹಡಗಲಿಗೆ ಹೋಗಿ, ನಾಲ್ಕು ವರ್ಷದ ಮೇಲೆ ನನ್ನ ಉಡಿಗೇ ವಾಪಸು ಬಂದಿತ್ತು. ಕಲೆ ನೋಡಿ ಗುರುತು ಹಿಡಿದೆ. ಒಳ್ಳೆಯ ಮನೆತನದ ಪೀಸು, ತವರು ಮರೆತಿರಲಿಲ್ಲ!

“ಇವನ್ನೆಲ್ಲ ಯಾಕ ಒಯ್ತೀ?”

“ಅಲ್ಲೂ ಹೆಣ್ಮಕ್ಕಳು ಇರ್ತಾರಲ್ಲ ಅತ್ತಿಗಿ.”

ಎಲ್ಲವೂ ನನ್ನ ಉಡಿಗೆ ಬಂದ ಪೀಸುಗಳು. ಊರಿನ ಅರ್ಧ ಹೆಂಗಸರಿಗೆ ಜಂಪರು ಹೊಲಿದುಕೊಡುವ ಆಕೆಯ ಉಡಿಗೆ ಒಂದು ಪೀಸು ಬಿದ್ದು ಹತ್ತೊಂಬತ್ತು ವರ್ಷವಾಗಿತ್ತು. ಗಂಡ ಇಲ್ಲದವಳಿಗೆ ನಮ್ಮ ಕಡೆ ಉಡಿ ತುಂಬುವ ರೂಢಿ ಇಲ್ಲ.

ಹೊರಡುವ ದಿನ ಬೆಳಗ್ಗೆ ಪೂಜೆ ಮುಗಿಸಿ ನಾನು ತಟ್ಟೆಯಲ್ಲಿ ಎಲ್ಲ ಜೋಡಿಸಿಯೇ ಇಟ್ಟಿದ್ದೆ. ಸುಳ್ಳು ಯಾಕೆ ಹೇಳಲಿ? ಅಷ್ಟು ದೂರ ಹೋಗುವವಳನ್ನು ಬರಿ ಸೆರಗಿನಲ್ಲಿ ಕಳಿಸಲು ಮನಸ್ಸಾಗಲಿಲ್ಲ. ತಟ್ಟೆ ಹಿಡಿದು ಪಡಸಾಲೆಗೆ ಬಂದರೆ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಮುಂದಿನ ಸಾಲಿನಲ್ಲಿ ಎದುರುಮನೆಯ ಗೌರಕ್ಕ. ಯಾವ ಶಾಸ್ತ್ರದಲ್ಲಿ ಏನು ತಪ್ಪಿತು ಎಂದು ಹೇಳಲು ದೇವರು ಆಕೆಯನ್ನು ನಮ್ಮ ಎದುರುಮನೆಗೇ ಹಾಕಿದ್ದಾನೆ. ಯಾರೂ ನನ್ನನ್ನು ತಡೆಯಲಿಲ್ಲ. ನನ್ನ ಕಾಲೇ ಹೊಸ್ತಿಲಲ್ಲಿ ನಿಂತುಬಿಟ್ಟಿತು.

ನಾದಿನಿ ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು. “ಇರ್ಲಿ ಬ್ಯಾಡ ಅತ್ತಿಗಿ. ಬಸ್ಸಿಗೆ ತಡ ಆಕ್ಕೈತಿ,” ಎಂದು ನಕ್ಕು ಚೀಲ ಎತ್ತಿಕೊಂಡಳು.

ನಾನು ತಟ್ಟೆ ಒಳಗೆ ಒಯ್ದು ದೇವರ ಜಗಲಿಯ ಮೇಲಿಟ್ಟೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ನಾಲ್ಕನೆಯ ದಿನ ಡೆನ್ಮಾರ್ಕಿನಿಂದ ವಿಡಿಯೊ ಕರೆ ಬಂತು. ಮುಖ ಬಾಡಿತ್ತು.

“ಯಾಕ, ಆರಾಮಿಲ್ಲೇನು?”

“ಹಸಿವು ಅತ್ತಿಗಿ.”

“ಊಟಕ್ಕ ಹಾಕವಲ್ರೇನು ಅವರು?”

“ಹಾಕ್ತಾರ. ನಾ ಬ್ಯಾಡ ಅಂತೀನಿ. ತಗೊಂಡು ಹೊಂಟ ಹೊಕ್ಕಾರ!”

ನಮ್ಮಲ್ಲಿ ಮೊದಲ ಸಲಕ್ಕೇ ‘ಹೂಂ, ಹಾಕಿರಿ’ ಎನ್ನುವ ಹೆಣ್ಣುಮಗಳು ಉಂಟೆ? ಒಮ್ಮೆ ಬೇಡ ಅನ್ನಬೇಕು, ಎರಡನೆಯ ಸಲ ತಟ್ಟೆಗೆ ಕೈ ಅಡ್ಡ ಹಿಡಿಯಬೇಕು, ಮೂರನೆಯ ಸಲ ಬಡಿಸುವವರು ಕೈ ಸರಿಸಿ ಹಾಕಬೇಕು. ಹೊಟ್ಟೆ ತುಂಬುವುದು ಆಮೇಲೆ. ಅಲ್ಲಿಯ ಜನ ಬೇಡ ಎಂದರೆ ಬೇಡ ಎಂದೇ ತಿಳಿದು, ಆಕೆಯ ಮಾತಿಗೆ ಮರ್ಯಾದೆ ಕೊಟ್ಟು, ನಗುತ್ತ ಪಾತ್ರೆ ಎತ್ತಿಕೊಂಡು ಹೋಗುತ್ತಿದ್ದರಂತೆ! ಮರ್ಯಾದೆಯಿಂದ ಮನುಷ್ಯರು ಉಪವಾಸ ಬೀಳುವುದನ್ನು ನಾನು ಮೊದಲ ಸಲ ಕೇಳಿದ್ದು. ನನ್ನ ರೊಟ್ಟಿ ಜೊತೆಗಿದ್ದವು, ಅದೊಂದು ಪುಣ್ಯ.

“ನಾಳಿಯಿಂದ ಎಲ್ಲದಕ್ಕೂ ಹೂಂ ಅನ್ನು,” ಎಂದು ಬುದ್ಧಿ ಹೇಳಿದೆ. ಹೇಳಬಾರದಿತ್ತು. ಮರುದಿನದಿಂದ ಈಕೆ ಕೇಳಿದ್ದಕ್ಕೆಲ್ಲ ಹೂಂ ಅಂದಳು. ಕಪ್ಪು ಬ್ರೆಡ್ಡಿಗೂ ಹೂಂ, ತೋಟ ಅಗೆಯುವುದಕ್ಕೂ ಹೂಂ. ಯಾರೋ ಮುಂಜಾನೆ ಏನೋ ಕೇಳಿದರಂತೆ, ಅದಕ್ಕೂ ಹೂಂ. ನೋಡಿದರೆ ಎಲ್ಲರೂ ಕೊರೆಯುವ ಸಮುದ್ರಕ್ಕೆ ಸ್ನಾನಕ್ಕೆ ಹೊರಟಿದ್ದರು! ನೈಟಿಯಲ್ಲೇ ಮುಳುಗಿ ಎದ್ದು ಬಂದಿದ್ದಾಳೆ. ಫೋಟೊ ನೋಡಿ ನಾನು ದೇವರ ಮುಂದೆ ಇನ್ನೊಂದು ದೀಪ ಹಚ್ಚಿದೆ.

“ತುಂಗಭದ್ರಾದಾಗ ಕಾಲು ಇಡಾಕ ಅಂಜಾಕಿ ಇಕಿ!” ಎಂದು ಯಜಮಾನರು ಆ ಫೋಟೊವನ್ನು ಹಗರಿಬೊಮ್ಮನಹಳ್ಳಿಯ ನೆಂಟರಿಗೆಲ್ಲ ಕಳಿಸಿದರು. ಆ ವಾರವೆಲ್ಲ ಫೋನಿಗೆ ಉತ್ತರ ಕೊಡುವುದೇ ನನಗೆ ಕೆಲಸವಾಯಿತು.

ವೃದ್ಧಾಶ್ರಮದಲ್ಲಿ ಇನ್ನೊಂದು ಕಥೆ. ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೋಣೆ. ಬಾಗಿಲು ಬಡಿದು, ಒಳಗಿನವರು ಬಾ ಎಂದ ಮೇಲೆ ಹೋಗಬೇಕು. ನಮ್ಮಾಕೆಗೆ ಬಾಗಿಲು ಬಡಿದು ಗೊತ್ತೆಲ್ಲಿ? ಮಾಗಳದಲ್ಲಿ ಹೊಕ್ಕ ಹಾಗೆ ಸೀದಾ ಹೊಕ್ಕಿದ್ದಾಳೆ. ಎಂಬತ್ತೇಳರ ಒಂದು ಮುದುಕಿ ಹೌಹಾರಿ, ಸಿಟ್ಟು ಮಾಡಿ, ತನ್ನ ಡೈರಿ ತೋರಿಸಿ, ನನ್ನನ್ನು ನೋಡಲು ಬರುವವರು ಮೊದಲೇ ಹೇಳಿ ಇದರಲ್ಲಿ ಬರೆಸಬೇಕು ಎಂದಿತಂತೆ. ಈಕೆ ಡೈರಿ ತಿರುವಿ ನೋಡಿದರೆ ಹಾಳೆಗಳೆಲ್ಲ ಖಾಲಿ. ಪೆನ್ನು ತೆಗೆದುಕೊಂಡವಳೇ, ಹೊರಡುವ ದಿನದವರೆಗೆ ಪ್ರತಿದಿನ ನಾಲ್ಕು ಗಂಟೆಗೆ ತನ್ನ ಹೆಸರು ಬರೆದು ಬಂದಳು! ಮರುದಿನ ಐದು ನಿಮಿಷ ತಡವಾದದ್ದಕ್ಕೆ ಮುದುಕಿ ಬಾಗಿಲಲ್ಲಿ ನಿಂತು ಬೈಯಿತಂತೆ. ಅಲ್ಲಿಂದ ಇಬ್ಬರೂ ಗೆಳತಿಯರು.

ನಾಲ್ಕನೆಯ ತಿಂಗಳು ಒಂದು ದಿನ ಕರೆ ಮಾಡಿ, “ಅತ್ತಿಗಿ, ಇವತ್ತ ಉಡಿ ತುಂಬಿದೆ,” ಎಂದಳು. ಆ ಮುದುಕಿ ಮಗಳ ಊರಿನ ಆಶ್ರಮಕ್ಕೆ ಹೊರಟಿತ್ತಂತೆ. ಅದಕ್ಕೆ ಉಡಿ ತುಂಬಲು ಹೋದರೆ ಇನ್ನೊಬ್ಬರಿಗೆ ಆಸೆಯಾಯಿತು, ಮತ್ತೊಬ್ಬರಿಗೂ ಆಸೆಯಾಯಿತು. ಆರು ಜನ ಸಾಲಾಗಿ ಕುಳಿತು, ಸೆರಗು ಇಲ್ಲದ್ದಕ್ಕೆ ಅಡುಗೆಯ ಏಪ್ರನ್ ಒಡ್ಡಿದರಂತೆ. ಕೊಬ್ಬರಿ ಬಟ್ಟಲು ಸಿಗಲಿಲ್ಲ, ಸೇಬು ಹಾಕಿದಳು. ಅರಿಶಿಣಕೊಂಬು ಸಿಗಲಿಲ್ಲ.

“ಮತ್ತೇನು ಹಾಕಿದಿ?”

“ಗಜ್ಜರಿ, ಕ್ಯಾರೆಟ್ಟು.”

“ಶಿವನೇ! ಅಲ್ಲ ತಾಯಿ, ಅವರಾಗ ಮುತ್ತೈದೇರು ಎಷ್ಟು ಮಂದಿ ಅಂತನಾರ ಕೇಳಿದ್ಯಾ?”

“ಕೇಳ್ಲಿಲ್ಲ. ಮೂರು ಮಂದೀದು ಗಂಡ ಸತ್ತು ಯಾವ ಕಾಲ ಆತೋ. ಇಬ್ಬರು ಬಿಟ್ಟು ಬಂದಾರ. ಒಬ್ಬಾಕಿ ಮದುವಿನ ಆಗಿಲ್ಲ.”

“ಹಂಗಾರ ತುಂಬಿದಾಕಿ ಯಾರು?”

“ನಾನಽ.”

ನಾನು ಫೋನು ಇನ್ನೊಂದು ಕೈಗೆ ತೆಗೆದುಕೊಂಡೆ. ಆಮೇಲೆ ಆಕೆಯೇ, “ನಮ್ಮ ಗಿಳಿಹಸಿರು ಪೀಸು ಆ ಮುದುಕಿಗೆ ಹೋತು ಅತ್ತಿಗಿ. ಅಲ್ಲೇ ಸೂಜಿ ತಗೊಂಡು ದಿಂಬಿಗೆ ಚೀಲ ಹೊಲ್ಕೊಂಡ್ಲು,” ಎಂದಳು. ನಾಲ್ಕು ತಾಲ್ಲೂಕು ಸುತ್ತಿದರೂ ಸೂಜಿ ಕಾಣದ ಪೀಸಿಗೆ ಡೆನ್ಮಾರ್ಕಿನಲ್ಲಿ ಹೊಲಿಗೆಯ ಭಾಗ್ಯ! ಫೋನು ಇಟ್ಟ ಮೇಲೆ ತುಂಬ ನಕ್ಕೆ. ನಕ್ಕು ಜಗಲಿಯ ಕಡೆ ತಿರುಗಿದರೆ, ತಟ್ಟೆಯನ್ನು ನಾನು ಅವತ್ತೇ ತೊಳೆದಿಟ್ಟಿದ್ದರೂ ಅಲ್ಲೇ ಇದ್ದ ಹಾಗನ್ನಿಸಿತು.

ಐದು ತಿಂಗಳು ಮುಗಿಸಿ ಬಂದಳು. ಬಂದ ಮೇಲೆ ಹೊಸ ಕಾಟ. ಅಡುಗೆಮನೆಗೆ ಬರುವ ಮೊದಲು ಬಾಗಿಲು ಬಡಿಯುತ್ತಾಳೆ. ನಮ್ಮ ಅಡುಗೆಮನೆಗೆ ಬಾಗಿಲೇ ಇಲ್ಲ! ಕಂಬ ಬಡಿಯುತ್ತಾಳೆ. ಗೌರಕ್ಕ ಸಕ್ಕರೆ ಕೇಳಲು ಬಂದರೆ, “ಮೊದಲ ಹೇಳಿ ಬರ್ಬೇಕ್ರಿ,” ಎನ್ನುತ್ತಾಳೆ. ಗೌರಕ್ಕ ಅವತ್ತು ಸಕ್ಕರೆ ಇಲ್ಲದೆ ಹೋಗಿ ಎಂಟು ದಿನ ಮಾತು ಬಿಟ್ಟಿದ್ದಳು. ಆ ಎಂಟು ದಿನ ನನಗೆ ಸ್ವಲ್ಪ ವಿಶ್ರಾಂತಿ ಸಿಕ್ಕಿತು, ಇಲ್ಲ ಅನ್ನಲಾರೆ. ಒಂದು ದಿನ ಕಂಬ ಬಡಿದು, “ಅತ್ತಿಗಿ, ನಿನಗ ಈಗ ಪುರುಸೊತ್ತೈತೇನು?” ಎಂದು ಕೇಳಿದಳು. ರೊಟ್ಟಿ ಬಡಿಯುವ ಕೈ ನಿಂತಿತು. ಈ ಮನೆಗೆ ಬಂದಾಗಿನಿಂದ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಪುರುಸೊತ್ತು ಇರಲಿಲ್ಲ ಬಿಡಿ. ಆದರೂ ಕೇಳಿದಳಲ್ಲ.

ಈ ವರ್ಷ ಆ ಶಾಲೆಯಿಂದ ಮತ್ತೆ ಕರೆ ಬಂತು. ಈ ಸಲ ಒಂದು ವರ್ಷ. ಅರ್ಧ ದಿನ ಓದುವುದು, ಅರ್ಧ ದಿನ ಹೊಲಿಗೆ ಕಲಿಸುವುದು. ಸುದ್ದಿ ಬಂದಾಗ ನಾನು ಮತ್ತೆ ಹುಣಸೆಹಣ್ಣಿನ ಮುಂದೆಯೇ ಕುಳಿತಿದ್ದೆ. ಈ ಸಲ ಕೊತ್ತಂಬರಿ ತರಲು ಹೇಳಲಿಲ್ಲ.

ಮೊನ್ನೆ ಹೊರಟಳು. ಅದೇ ಪಡಸಾಲೆ, ಅದೇ ಹೆಂಗಸರು, ಮುಂದಿನ ಸಾಲಿನಲ್ಲಿ ಅದೇ ಗೌರಕ್ಕ. ನಾನು ತಟ್ಟೆ ಹಿಡಿದು ಹೊಸ್ತಿಲು ದಾಟಿದೆ. ನಿಂತರೆ ಮತ್ತೆ ನಿಂತುಬಿಡುತ್ತೇನೆ ಎಂದು ಸೀದಾ ಆಕೆಯ ಮುಂದೆ ಹೋದೆ.

“ಸೆರಗು ಒಡ್ಡು.”

ಸಮುದ್ರಕ್ಕೆ ಹೂಂ ಅಂದವಳ ಮುಖ ಬಿಳಿಚಿತು. “ಬ್ಯಾಡ ಅತ್ತಿಗಿ.”

“ಒಡ್ಡು.”

“ಬ್ಯಾಡ. ಗೌರಕ್ಕ ಅದಾರ. ಬಸ್ಸಿಗೆ ತಡ...” ಎಂದು ಎರಡೂ ಕೈ ಅಡ್ಡ ಹಿಡಿದಳು.

ಹೋದ ವರ್ಷ ಒಂದೇ ಒಂದು ಸಲ ಬೇಡ ಅಂದಿದ್ದಳು. ಡೆನ್ಮಾರ್ಕಿನವರ ಹಾಗೆ ನಾನು ತಟ್ಟೆ ಎತ್ತಿಕೊಂಡು ಹೋಗಿದ್ದೆ.

“ಇದು ಕೊಟ್ಟೂರು. ಇಲ್ಲಿ ಬ್ಯಾಡ ಅಂದ್ರ ಬ್ಯಾಡ ಅಲ್ಲ,” ಎಂದು ಆಕೆಯ ಕೈ ಸರಿಸಿದೆ.

ಸೆರಗು ಒಡ್ಡಿದಳು. ಅಕ್ಕಿ ಹಾಕಿದೆ, ಕೊಬ್ಬರಿ ಬಟ್ಟಲು ಹಾಕಿದೆ, ಎಲೆ ಅಡಿಕೆ, ಅರಿಶಿಣಕೊಂಬು. ಮೇಲೆ ಒಂದು ಗಿಳಿಹಸಿರು ಜಂಪರ್ ಪೀಸು. ಟ್ರಂಕಿನದ್ದಲ್ಲ, ಅಂಗಡಿಗೆ ಹೋಗಿ ನಾನೇ ಆರಿಸಿ ತಂದದ್ದು. “ಇದನ್ನ ಯಾರಿಗೂ ಕೊಡಬ್ಯಾಡ. ಹೊಲ್ಕೊಂಡು ತೊಟ್ಟು ಫೋಟೊ ಕಳಿಸು,” ಎಂದೆ.

ಗೌರಕ್ಕ ಗಂಟಲು ಸರಿ ಮಾಡಿಕೊಂಡಳು. ಬಂತು, ಎಂದುಕೊಂಡೆ.

“ಅರಿಶಿಣಕೊಂಬು ಒಂದು ಹಾಕ್ತಾರೇನು ಯಾರಾದ್ರು? ಎರಡು ಹಾಕ್ಬೇಕು. ಅಷ್ಟೂ ಗೊತ್ತಿಲ್ಲೇನು ನಿನಗ?”

ಒಳಗೆ ಓಡಿ ಹೋಗಿ ಡಬ್ಬಿ ತಡಕಾಡಿ ಇನ್ನೊಂದು ಕೊಂಬು ತಂದು ಹಾಕಿದೆ. ನಾದಿನಿ ಸೆರಗಿನ ಗಂಟು ಎದೆಗೆ ಹಿಡಿದುಕೊಂಡು ನನ್ನ ಕಾಲಿಗೆ ಬಗ್ಗಿದಳು. ಯಜಮಾನರು ಹೊರಗಿನಿಂದ, “ಬಸ್ಸು!” ಎಂದು ಕೂಗಿದರು.

ಎಲ್ಲರೂ ಹೋದ ಮೇಲೆ ಪಡಸಾಲೆಯಲ್ಲಿ ಚೆಲ್ಲಿದ್ದ ಅಕ್ಕಿ ಕಾಳುಗಳನ್ನು ಒಂದೊಂದಾಗಿ ಆರಿಸಿ ದೇವರ ಮುಂದಿಟ್ಟೆ. ಒಂದು ಚೀಲ ಹುಣಸೆಹಣ್ಣು ಇನ್ನೂ ಹಾಗೇ ಇತ್ತು. ಕಲ್ಲು ಎಳೆದುಕೊಂಡು ಕುಳಿತೆ.